ಸುಳ್ಳು ಹೇಳಿದ ರೋಧಕ

ರೋಧಕಗಳ ಪಾಠ ಮಾಡುವಾಗಲೆಲ್ಲ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ತಪ್ಪದೆ ಬರುತ್ತಿತ್ತು: "ಇದರಿಂದ ಏನು ಉಪಯೋಗ, ಸಾರ್?" ರೇಡಿಯೋದ ಧ್ವನಿ ತಿರುಗಿಸುವ ಗುಂಡಿಯನ್ನು ತೋರಿಸಿ ಸುಮ್ಮನಾಗಿಸುತ್ತಿದ್ದೆ. ಅದಕ್ಕಿಂತ ಸ್ವಾರಸ್ಯವಾದ ಉತ್ತರ ದೊರೆತದ್ದು ನಿವೃತ್ತನಾದ ಮೇಲೆ, 2007ರಲ್ಲಿ, ಅಮೆರಿಕದ ಡೆನ್ವರಿನಲ್ಲಿರುವ ಮಗನ ಮನೆಗೆ ಹೋಗಿದ್ದಾಗ.

ನೆರೆಮನೆಯವರು ಕುದುರೆಗಳನ್ನು ಟ್ರೇಲರಿನಲ್ಲಿ ಊರಿಂದೂರಿಗೆ ಸಾಗಿಸಿ ಜೀವನ ಮಾಡುವವರು. ಅವರದು 7.3 ಲೀಟರಿನ ಪವರ್ ಸ್ಟ್ರೋಕ್ ಡೀಸೆಲ್ ಎಂಜಿನ್ನಿನ ಫೋರ್ಡ್ ಪಿಕಪ್ ಟ್ರಕ್. ಅದರಲ್ಲಿ ಇಂಜೆಕ್ಟರುಗಳನ್ನು ನಡೆಸುವುದು ಅಧಿಕ ಒತ್ತಡದ ಎಂಜಿನ್ ಆಯಿಲ್. ಆ ಒತ್ತಡ ಏರಿದಷ್ಟೂ ಡೀಸೆಲ್ ರಭಸದಿಂದ, ಹೆಚ್ಚಾಗಿ ಚಿಮ್ಮುತ್ತದೆ. ಒತ್ತಡವನ್ನು ಒಂದು ಸೆನ್ಸರ್ ಅಳೆದು, ಐದು ವೋಲ್ಟಿನೊಳಗಿನ ಸಂಕೇತವಾಗಿ ಕಂಪ್ಯೂಟರಿಗೆ ತಿಳಿಸುತ್ತದೆ. ಆ ಮಹಾಶಯರು ಸಂಕೇತದ ತಂತಿಗೂ ಗ್ರೌಂಡ್ ತಂತಿಗೂ ನಡುವೆ ಒಂದು ರೋಧಕವನ್ನು ಬೆಸೆದಿದ್ದರು. ಬೆಲೆ ಒಂದು ಡಾಲರಿಗೂ ಕಡಿಮೆ! ವೋಲ್ಟೇಜ್ ತುಸು ಕುಸಿಯಿತು. ಒತ್ತಡ ಸಾಲದೆಂದು ನಂಬಿದ ಕಂಪ್ಯೂಟರ್ ಅದನ್ನು ಏರಿಸಿತು. ಗಾಡಿಗೆ ಬಲ ಬಂದಿತು. ಉಂಡ ಮಗು ಅಜ್ಜಿಯ ಬಳಿ "ಇನ್ನೂ ಉಂಡಿಲ್ಲ" ಎಂದು ಮತ್ತೊಂದು ಕೈತುತ್ತು ಗಿಟ್ಟಿಸಿದ ಹಾಗೆ.

ಅಜ್ಜಿಗೆ ತಿಳಿಯದಿದ್ದರೂ ಹೊಟ್ಟೆಗೆ ತಿಳಿಯುತ್ತದಲ್ಲ? ರೋಧಕ ಶಕ್ತಿಯನ್ನು ಹುಟ್ಟಿಸುವುದಿಲ್ಲ. ಹೆಚ್ಚುವರಿ ಬಲವೆಲ್ಲ ಹೆಚ್ಚುವರಿ ಡೀಸೆಲಿನದು. ಅದು ಉರಿಯಲು ಆಮ್ಲಜನಕ ಬೇಕು. ಡೆನ್ವರ್ ಸಮುದ್ರಮಟ್ಟದಿಂದ ಸುಮಾರು 1600 ಮೀಟರ್ ಎತ್ತರದಲ್ಲಿದೆ. ಪಶ್ಚಿಮಕ್ಕೆ ಹೋಗುವ ಹೆದ್ದಾರಿ ಐಸೆನ್‌ಹೋವರ್ ಸುರಂಗದ ಬಳಿ 3400 ಮೀಟರಿಗೆ ಏರುತ್ತದೆ. ಗಾಳಿ ತೆಳುವಾಗುತ್ತ ಹೋದಂತೆ ಹೊಗೆ ಕಪ್ಪಾಗುತ್ತದೆ, ಹೊರಬರುವ ಅನಿಲದ ಶಾಖ ಏರುತ್ತದೆ. ಪಿಸ್ಟನ್ನುಗಳು ಅಲ್ಯೂಮಿನಿಯಂ ಮಿಶ್ರಲೋಹದವು. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ. ಆಯಿಲ್ ಅವನ್ನು ತಂಪಾಗಿಡುತ್ತದೆ ನಿಜ, ಆದರೆ ಆ ರಕ್ಷಣೆಗೂ ಮಿತಿಯಿದೆ.

"ಕಂಪ್ಯೂಟರಿಗೆ ಅನಿಲದ ಶಾಖ ತಿಳಿಯುತ್ತದೆಯೇ?" ಎಂದು ಕೇಳಿದೆ. ಕಂಪನಿ ಕೊಟ್ಟ ಗಾಡಿಯಲ್ಲಿ ಅದಕ್ಕೆ ಸೆನ್ಸರೇ ಇಲ್ಲವೆಂದರು. ಹಾಗಾದರೆ ತಿಳಿಯಬೇಕಾದವರು ನೀವೇ ಎಂದೆ. ಅವರು ನಕ್ಕರು. ಆದರೆ ಮರುವಾರವೇ ಥರ್ಮೋಕಪಲ್ ಇರುವ ಪೈರೋಮೀಟರ್ ತಂದು ಕೂರಿಸಿದರು. (ಮೇಷ್ಟರ ಮಾತಿಗೆ ಅಮೆರಿಕದಲ್ಲೂ ಬೆಲೆಯುಂಟೆಂದು ಮನೆಯಾಕೆಗೆ ಹೇಳಿಕೊಂಡೆ.)

ಹೊಗೆಯ ವಿಚಾರ ಬೇರೆಯೇ ಇದೆ. ಮಾಲಿನ್ಯ ತಡೆಯುವ ಸಾಧನಗಳನ್ನು ಕೆಡಿಸುವುದು ಅಲ್ಲಿ ಕಾನೂನಿಗೆ ವಿರುದ್ಧ. ಹಾಗಿದ್ದೂ ಹಿಂದಿನ ಹತ್ತು ವರ್ಷಗಳಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್‌ಗಳಿಂದ ಅವನ್ನು ತೆಗೆಯಲಾಗಿದೆಯೆಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 2020ರಲ್ಲಿ ಅಂದಾಜಿಸಿತು. ನನ್ನ ನೆರೆಯವರದು ಅದಕ್ಕಿಂತ ಚಿಕ್ಕ ಆಟ. ಆದರೂ ಹಿಂದೆ ಬರುವವರ ಮೂಗಿಗೆ ಹೊಗೆ ಹೊಗೆಯೇ.

ಎರಡು ಕುದುರೆಗಳನ್ನು ಹೇರಿಕೊಂಡು ಸುರಂಗದತ್ತ ಹೊರಟ ದಿನ ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡರು. 1250 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಹತ್ತಿರ ಹತ್ತಿರ 677 ಡಿಗ್ರಿ ಸೆಲ್ಸಿಯಸ್, ದಾಟಿಸಿ ಬಹಳ ಹೊತ್ತು ಎಳೆಯಬಾರದೆಂಬುದು ಟ್ರಕ್ಕಿನವರ ರೂಢಿ. ಅರ್ಧ ಏರುವಷ್ಟರಲ್ಲೇ ಮುಳ್ಳು ಅದನ್ನು ದಾಟಿತು. ಅವರು ಮಾತು ನಿಲ್ಲಿಸಿದರು, ಕಾಲು ಸಡಿಲಿಸಿದರು, ಲಾರಿಗಳ ಹಿಂದೆ ನಿಧಾನವಾಗಿ ಏರಿದರು. ಆ ಭಾನುವಾರ ರೋಧಕದ ತಂತಿಗೆ ಒಂದು ಸ್ವಿಚ್ ಜೋಡಿಸಿ, ಅದರ ಮೇಲೆ ಚೀಟಿ ಅಂಟಿಸಿದರು: ಟ್ರೇಲರ್ ಇಲ್ಲದಾಗ ಮಾತ್ರ.