ರಸ್ತೆಗೆ ಹೋದ ಅಡುಗೆಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ನಿವೇಶನ ಕೊಂಡು ನೋಡು ಎಂದು ಸೇರಿಸಲಿಲ್ಲ. ಆ ಪಾಠವನ್ನು ನಮಗೆ ಪಾಂಡೇಸರಾ ಕಲಿಸಿತು.

ಬೆಟಗೇರಿಯಿಂದ ಬಂದು, ಇಲ್ಲಿಯ ಬಣ್ಣದ ಗಿರಣಿಗಳ ನಡುವೆ ಬಾಡಿಗೆಯ ಖೋಲಿಯಲ್ಲಿ ಹತ್ತು ವರುಷ ಕಳೆದ ಮೇಲೆ ಊರಾಚೆಯ ಹೊಲವೊಂದರಲ್ಲಿ ನಿವೇಶನ ಹಿಡಿದೆವು. ಹೊಲವನ್ನು ತುಂಡುಮಾಡಿ ಮಾರುತ್ತಿದ್ದ ಮಹಾಶಯರು ಸುಣ್ಣದ ಗೆರೆ ಎಳೆದು ತೋರಿಸಿದರು. ನಮ್ಮ ಮನೆಯವರು ಅಲ್ಲಿಯೇ ನಿಂತು ಆಗ್ನೇಯ ಮೂಲೆಯಲ್ಲಿ ಒಲೆಯ ಜಾಗ ಗೊತ್ತುಮಾಡಿದರು. ಛಾಪಾ ಕಾಗದದ ಮೇಲೆ ಕರಾರಾಯಿತು. ಕಂತು ಕಟ್ಟುತ್ತ ಹೋದೆವು.

ಎರಡು ವರುಷಕ್ಕೆ ಅಲ್ಲಿಗೆ ಟಿ.ಪಿ. ಸ್ಕೀಮ್ ಬಂದಿತು. ಬೆಂಗಳೂರಿನಲ್ಲಿ ಅಭಿವೃದ್ಧಿ ಪ್ರಾಧಿಕಾರವು ಜಮೀನನ್ನು ಸ್ವಾಧೀನಪಡಿಸಿಕೊಂಡು ನಿವೇಶನ ಹಂಚುವುದನ್ನು ವಾಚಕರು ಬಲ್ಲರು. ಗುಜರಾತಿನ ರೀತಿ ಬೇರೆ. 1915ರ ಮುಂಬಯಿ ಕಾಯದೆಯಲ್ಲಿ ಬೇರೂರಿ 1976ರ ಗುಜರಾತ್ ಕಾಯದೆಯಲ್ಲಿ ಬೆಳೆದ ಈ ಪದ್ಧತಿಯಲ್ಲಿ, ಅಕ್ಕಪಕ್ಕದ ಹೊಲಗಳನ್ನೆಲ್ಲ ಒಟ್ಟುಗೂಡಿಸಿ ಹೊಸ ಗೆರೆ ಹಾಕುತ್ತಾರೆ. ರಸ್ತೆಗೆ ನೂರಕ್ಕೆ 15, ತೋಟ-ಮೈದಾನಗಳಿಗೆ 5, ಶಾಲೆ-ದವಾಖಾನೆಗಳಿಗೆ 5, ಮಾರಿ ಖರ್ಚು ತುಂಬಿಕೊಳ್ಳಲು 15, ಹೀಗೆ ತೆಗೆದಿಡಲು ಕಾಯದೆಯಲ್ಲಿ ಅವಕಾಶವಿದೆ. ಉಳಿದುದು ‘ಫೈನಲ್ ಪ್ಲಾಟ್’ ಎಂಬ ಹೊಸ ಸಂಖ್ಯೆಯೊಡನೆ ಒಡೆಯನಿಗೆ ಮರಳುತ್ತದೆ. ಇಡೀ ಹೊಲ ಕೊಳ್ಳದೆಯೇ ನಗರಕ್ಕೆ ರಸ್ತೆ ದೊರೆಯುತ್ತದೆ. ಕಟ್ಟಡ ಕಟ್ಟುವವರಿಗೆ ಸೊಟ್ಟ ಹೊಲದ ಬದಲು ರಸ್ತೆಗೆ ಮುಖಮಾಡಿದ ಚೌಕ ಸಿಕ್ಕಿ ಬೆಲೆ ಏರುತ್ತದೆ. ಇಬ್ಬರಿಗೂ ಹಿತವಾದ ಏರ್ಪಾಡೇ ಸರಿ.

ನಡುವೆ ನಿಂತವರು ನಾವು. ಕರಡು ಪ್ರಕಟವಾದ ಮೇಲೆ ತಕರಾರು ಸಲ್ಲಿಸಲು ಒಂದು ತಿಂಗಳ ಅವಧಿ. ಜಾಹೀರು ಗುಜರಾತಿಯಲ್ಲಿತ್ತು, ನಾವು ಓದಲಿಲ್ಲ. ಓಡಿಹೋದಾಗ ಕಚೇರಿಯ ಗುಮಾಸ್ತರು ಸೌಜನ್ಯದಿಂದಲೇ ಕೇಳಿದರು, “ಸಾತ್-ಬಾರಾದಲ್ಲಿ ನಿಮ್ಮ ಹೆಸರೆಲ್ಲಿ?” ಸಾತ್-ಬಾರಾ ಎಂದರೆ ನಮ್ಮೂರ ಪಹಣಿ. ಅದರಲ್ಲಿ ರೈತನ ಹೆಸರಿತ್ತು, ನಮ್ಮದಿರಲಿಲ್ಲ. ನಕ್ಷೆಯಲ್ಲಿ ನಮ್ಮ ಸಾಲೆಲ್ಲ ರಸ್ತೆಯಾಗಿತ್ತು. ಮಾರಿದವರ ಮನೆಗೆ ವರುಷವಿಡೀ ಅಲೆದು ಅರ್ಧ ಹಣ ಮರಳಿ ಪಡೆದೆವು. ಮಗಳ ಕಾಲೇಜು ಒಂದು ವರುಷ ಮುಂದೆ ಹೋಯಿತು.

ನಗರವನ್ನು ದೂರಲಾರೆವು. ರಸ್ತೆಯಿಲ್ಲದ ಊರಿನಲ್ಲಿ ಬಾಳುವುದೆಂತು? ಇಂದು ನಾವು ಬಸ್ಸು ಹತ್ತುವುದೂ ಅದೇ ರಸ್ತೆಯಲ್ಲಿಯೇ. “ಇಗೋ, ಒಲೆ ಇಲ್ಲಿ” ಎಂದು ನಮ್ಮ ಮನೆಯವರು ಈಗಲೂ ಒಮ್ಮೊಮ್ಮೆ ತೋರಿಸುವುದುಂಟು.

ಪರಸ್ಥಳದಲ್ಲಿರುವ ಬಂಧುಗಳಲ್ಲಿ ನಮ್ಮದೊಂದೇ ವಿನಂತಿ. ಮುಂಗಡ ಕೊಡುವ ಮೊದಲು ಸಾತ್-ಬಾರಾ ನೋಡಿರಿ, ಅಲ್ಲಿ ಟಿ.ಪಿ. ಸ್ಕೀಮ್ ಉಂಟೇ, ಫೈನಲ್ ಪ್ಲಾಟಿನ ಸಂಖ್ಯೆ ಯಾವುದು ಎಂದು ಕಚೇರಿಯಲ್ಲಿ ಕೇಳಿರಿ. ನೋಂದಣಿಯಾಗದ ಕರಾರನ್ನು ನಂಬದಿರಿ. ಗುಜರಾತಿ ಓದಲು ಬಾರದಿದ್ದರೆ ಬಲ್ಲವರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಕರೆದರೆ ನಾವೂ ಬರುತ್ತೇವೆ.