ಮರಳೊಳಗಿನ ಹಡಗು

ಕಾಲಡಿಯಲ್ಲಿ ಹಳದಿ ಮರಳು, ಮೆಟ್ಟಿದಲ್ಲೆಲ್ಲ ಜಾರುತ್ತದೆ. 1939ರ ಮೇ 11. ಪೂರ್ವ ಇಂಗ್ಲೆಂಡಿನ ಸಫೊಕ್ ಸೀಮೆಯ ಸಟನ್ ಹೂ. ಕೆಳಗೆ ಡೆಬೆನ್ ನದಿ, ಆಚೆ ದಡದಲ್ಲಿ ವುಡ್‌ಬ್ರಿಜ್ ಪಟ್ಟಣ. ಈಡಿತ್ ಪ್ರಿಟಿ ಎಂಬ ಮಹಿಳೆಯ ಜಮೀನಿನಲ್ಲಿರುವ ದೊಡ್ಡ ದಿಬ್ಬವನ್ನು ಸೀಳಿ ತೆಗೆದ ಕಂದಕದಲ್ಲಿ ನೀವು ನಿಂತಿದ್ದೀರಿ. ತುಕ್ಕು ಹಿಡಿದ ಕಬ್ಬಿಣದ ತುಂಡೊಂದು ಮರಳಿನಿಂದ ಹೊರಬೀಳುತ್ತದೆ. ಬೇಸಿಲ್ ಬ್ರೌನ್ ಅದನ್ನು ನೋಡಿದವರೇ ಸಲಿಕೆಗಳನ್ನು ನಿಲ್ಲಿಸುತ್ತಾರೆ. ಸ್ವಂತ ಓದಿನಿಂದಲೇ ಪುರಾತತ್ವ ಕಲಿತ ಅವರಿಗೆ ಗುರುತು ಹತ್ತಿದೆ: ಇದು ಹಡಗಿನ ಹಲಗೆಗಳನ್ನು ಬಿಗಿಯುವ ರಿವೆಟ್.

ಇನ್ನು ಕುಂಚದ ಕೆಲಸ. ಒಂದರ ಪಕ್ಕ ಇನ್ನೊಂದು ರಿವೆಟ್, ಸಾಲಿನ ಕೆಳಗೆ ಮತ್ತೊಂದು ಸಾಲು. ಹಡಗಿನ ಮರದ ಚೂರೂ ಉಳಿದಿಲ್ಲ, ಆಮ್ಲೀಯ ಮರಳು ಅದನ್ನು ಪೂರ್ತಿ ತಿಂದುಹಾಕಿದೆ. ಆದರೆ ಹಲಗೆಗಳ ಅಚ್ಚು ಮರಳಿನಲ್ಲೇ ಗಟ್ಟಿಯಾಗಿ ಕೂತಿದೆ, ರಿವೆಟ್‌ಗಳು ತಮ್ಮ ಜಾಗ ಬಿಟ್ಟು ಕದಲಿಲ್ಲ. ವಾರಗಳು ಕಳೆದಂತೆ ಸುಮಾರು 27 ಮೀಟರ್ ಉದ್ದದ ಹಡಗಿನ ಒಡಲು ನಿಮ್ಮೆದುರು ಬಾಯ್ದೆರೆಯುತ್ತದೆ. ನಿಧಿಗಳ್ಳರು ಶತಮಾನಗಳ ಹಿಂದೆಯೇ ಈ ದಿಬ್ಬ ಅಗೆದಿದ್ದರು. ದಿಬ್ಬದ ಒಂದು ಬದಿ ಸವೆದುಹೋಗಿದ್ದರಿಂದ ನಡುಭಾಗ ಯಾವುದೆಂಬ ಅವರ ಲೆಕ್ಕ ತಪ್ಪಿ, ಶವದ ಕೋಣೆ ಕೈಗೆಟುಕಲಿಲ್ಲ.

ಜುಲೈ 21. ಅಗೆತ ಈಗ ಚಾರ್ಲ್ಸ್ ಫಿಲಿಪ್ಸ್ ಉಸ್ತುವಾರಿಯಲ್ಲಿದೆ. ಮೊಣಕಾಲೂರಿ ಮರಳು ಸವರುತ್ತಿರುವ ಪೆಗ್ಗಿ ಪಿಗಟ್ ಕೈ ಥಟ್ಟನೆ ನಿಲ್ಲುತ್ತದೆ. ಬಿಸಿಲಿಗೆ ಚಿನ್ನ ಮಿಂಚಿದೆ. ಚಿನ್ನದ ಮನೆಗಳಲ್ಲಿ ಕೂರಿಸಿದ ಗಾರ್ನೆಟ್ ಕಲ್ಲುಗಳು ದಾಳಿಂಬೆ ಕಾಳಿನಂತೆ ಕೆಂಪಗಿವೆ. ಆಮೇಲೆ ಒಂದರ ಹಿಂದೊಂದು: ಹೆಣೆದುಕೊಂಡ ಹಾವುಗಳಂಥ ಪ್ರಾಣಿಗಳನ್ನು ಕೆತ್ತಿದ, 412 ಗ್ರಾಂ ತೂಗುವ ಸೊಂಟಪಟ್ಟಿಯ ಬಕಲ್. ಫ್ರಾಂಕರ ನಾಡಿನ 37 ಚಿನ್ನದ ನಾಣ್ಯಗಳಿದ್ದ ಚೀಲದ ಮುಚ್ಚಳ. ಬೈಜಾಂಟಿಯಂ ಚಕ್ರವರ್ತಿ ಅನಸ್ತಾಸಿಯಸ್‌ನ ಕಾಲದ ಮುದ್ರೆ ಹೊತ್ತ ದೊಡ್ಡ ಬೆಳ್ಳಿ ತಟ್ಟೆ. ಕತ್ತಿ, ಗುರಾಣಿ, ನೂರಾರು ಚೂರಾದ ಶಿರಸ್ತ್ರಾಣ. ಸತ್ತವನ ಮೂಳೆ ಮಾತ್ರ ಇಲ್ಲ, ಅದೂ ಮರಳಿನ ಪಾಲಾಗಿದೆ. ಆತ ಪೂರ್ವ ಆಂಗ್ಲಿಯದ ದೊರೆ ರೆಡ್‌ವಾಲ್ಡ್ ಇರಬೇಕೆಂದು ಬಹಳಷ್ಟು ವಿದ್ವಾಂಸರ ಊಹೆ.

ಈ ರಾಶಿಯ ನಡುವೆ ನನ್ನ ಕಣ್ಣು ಮೊದಲು ಹೋಗುವುದು ಚಿನ್ನದ ಮೇಲಲ್ಲ, ಮೇಪಲ್ ಮರದ ಒಂದಷ್ಟು ಚೂರುಗಳ ಮೇಲೆ. ಬೀವರ್ ಚರ್ಮದ ಚೀಲದಲ್ಲಿಟ್ಟಿದ್ದ ಲೈರ್ ಎಂಬ ತಂತಿವಾದ್ಯದ ಅವಶೇಷ ಅದು. ಯೋಧನ ಸಮಾಧಿಯಲ್ಲಿ ಕತ್ತಿಯ ಜೊತೆ ಹಾಡಿಗೂ ಜಾಗವಿದೆ.

ಆ ತಂತಿಗಳು ಮಿಡಿಯುತ್ತಿದ್ದ ಕಾಲಕ್ಕೆ ಬನ್ನಿ. ಏಳನೆಯ ಶತಮಾನದ ಆರಂಭ. ಮರದ ದೊಡ್ಡ ಸಭಾಮನೆ, ನಡುವೆ ಬೆಂಕಿ, ಹೊಗೆಗೆ ಕಣ್ಣು ಉರಿಯುತ್ತಿದೆ. ಬೆಳ್ಳಿ ಕಟ್ಟಿದ ಕಾಡೆತ್ತಿನ ಕೊಂಬಿನಲ್ಲಿ ಮದ್ಯ ಕೈಯಿಂದ ಕೈಗೆ ಸಾಗುತ್ತಿದೆ. ಕವಿ ಹಾಡುತ್ತಿದ್ದಾನೆ. ಸಾಲಿಗೆ ನಾಲ್ಕು ಪೆಟ್ಟು, ನಡುವೆ ಒಂದು ತಡೆ, ಎರಡೂ ಅರ್ಧಗಳನ್ನು ಕಟ್ಟಿಹಾಕುವ ಒಂದೇ ಮೊದಲ ದನಿ. ಹಾಡು ಮುಗಿದಾಗ ದೊರೆ ತನ್ನ ತೋಳಿನ ಬಳೆ ಕಳಚಿ ಯೋಧನೊಬ್ಬನಿಗೆ ಕೊಡುತ್ತಾನೆ. ಮನೆ ತುಂಬ ಕೂತವರೆಲ್ಲ ಅದನ್ನು ನೋಡುತ್ತಾರೆ. ಪಡೆದವನು ಇನ್ನು ದೊರೆಯ ಪಕ್ಕದಲ್ಲಿ ನಿಂತು ಸಾಯಲೂ ಸಿದ್ಧನಿರಬೇಕು.

ಹಳೆಯ ಇಂಗ್ಲಿಷಿನ 3182 ಸಾಲುಗಳ ‘ಬೇವುಲ್ಫ್’ ಕಾವ್ಯ ಈ ಋಣದ ಸುತ್ತಲೇ ಸುತ್ತುತ್ತದೆ. ಅದರ ಆರಂಭದಲ್ಲಿ ಸತ್ತ ದೊರೆಯೊಬ್ಬನನ್ನು ಸಂಪತ್ತಿನ ಸಮೇತ ಹಡಗಿನಲ್ಲಿಟ್ಟು ಕಡಲಿಗೆ ಬಿಡುತ್ತಾರೆ. ಕೊನೆಯಲ್ಲಿ ಮುದಿ ಬೇವುಲ್ಫ್ ಘಟಸರ್ಪದೆದುರು ನಿಂತಾಗ ಅವನಿಂದ ಶಿರಸ್ತ್ರಾಣ, ಕವಚ ಪಡೆದವರೇ ಕಾಡಿಗೆ ಓಡುತ್ತಾರೆ. ಉಳಿಯುವವನು ವಿಗ್ಲಾಫ್ ಒಬ್ಬನೇ. ಘಟಸರ್ಪವಾದರೋ ಯಾರಿಗೂ ಕೊಡದೆ ಹೊನ್ನಿನ ಮೇಲೆ ಮಲಗಿದ್ದ ಜೀವ. ಹೊನ್ನು ಕೈ ಬದಲಿಸುವಷ್ಟು ಕಾಲ ಮನುಷ್ಯರನ್ನು ಬೆಸೆಯುತ್ತದೆ, ಕೂಡಿಟ್ಟ ದಿನ ವಿಷವಾಗುತ್ತದೆ. ಆ ಯೋಧರ ನೀತಿಯನ್ನು ನಾನು ಓದಿಕೊಂಡದ್ದು ಹೀಗೆ. ಈ ಕಾವ್ಯದ ಒಂದೇ ಒಂದು ಹಸ್ತಪ್ರತಿ 1731ರಲ್ಲಿ ಲಂಡನ್ನಿನ ಬೆಂಕಿಯಲ್ಲಿ ಅಂಚು ಸುಟ್ಟುಕೊಂಡು ಪಾರಾಗದಿದ್ದರೆ, ಮರಳೊಳಗಿನ ಹಡಗಿನ ಅರ್ಥ ನಮಗೆ ಅರ್ಧವೂ ದಕ್ಕುತ್ತಿರಲಿಲ್ಲ.

1939ರ ಆಗಸ್ಟ್ 14. ಸಟನ್ ಹಳ್ಳಿಯ ಸಭಾಂಗಣ ತುಂಬಿದೆ. ನಿಧಿ ಯಾರದ್ದೆಂಬ ವಿಚಾರಣೆ. ಮತ್ತೆ ತೆಗೆದುಕೊಳ್ಳುವ ಉದ್ದೇಶದಿಂದ ಬಚ್ಚಿಟ್ಟಿದ್ದರೆ ಅದು ರಾಜನಿಗೆ ಸೇರಬೇಕು. ಇದು ಜನರೆಲ್ಲರ ಎದುರು ಸತ್ತವನಿಗೆ ಒಪ್ಪಿಸಿದ್ದು, ಹಾಗಾಗಿ ಜಮೀನಿನ ಒಡತಿಗೇ ಸೇರಬೇಕೆಂದು ತೀರ್ಪು ಬರುತ್ತದೆ. ಈಡಿತ್ ಪ್ರಿಟಿ ಬೆಲೆ ಕಟ್ಟಲಾಗದ ಆ ಭಂಡಾರವನ್ನು ಬ್ರಿಟಿಷ್ ಮ್ಯೂಸಿಯಂಗೆ ಸುಮ್ಮನೆ ಕೊಟ್ಟುಬಿಡುತ್ತಾರೆ. ಕೆಲವೇ ವಾರಗಳಲ್ಲಿ ಯುದ್ಧ ಶುರುವಾಗಿ, ಚಿನ್ನವೆಲ್ಲ ಲಂಡನ್ನಿನ ಸುರಂಗ ರೈಲುದಾರಿಯಲ್ಲಿ ಮತ್ತೆ ನೆಲದಡಿ ಸೇರುತ್ತದೆ. ಇಂದು ಅದು ಮ್ಯೂಸಿಯಂನ 41ನೆಯ ಕೋಣೆಯಲ್ಲಿದೆ, ನೋಡಲು ಕಾಸು ಕೊಡಬೇಕಿಲ್ಲ. ಸಭಾಮನೆಯ ಕವಿಗಳು ದೊರೆಯನ್ನು ಹೊಗಳುತ್ತಿದ್ದದ್ದು ಅವನ ಕೊಡುಗೈಗಾಗಿ. ಅವರ ಅಳತೆಯಲ್ಲಿ ಅಳೆದರೆ ಸಟನ್ ಹೂವಿನ ಕೊನೆಯ ದೊಡ್ಡ ದಾನಿ ಈಡಿತ್ ಪ್ರಿಟಿ. ಆ ಹೊಗಳಿಕೆಗೆ ಅವರು ಪೂರ್ತಿ ಅರ್ಹರು.