ಏಳನೇ ಕ್ಲಾಸಿನ ನೋಟುಬುಕ್ಕು ಮತ್ತು ಅಕ್ಕನ ಪೆನ್ಸಿಲ್ಲು

ಬಹಳ ದಿನ ಆಯ್ತು ಇಲ್ಲಿ ಏನೂ ಬರೆದು. ಬರೀಬೇಕು ಅಂತ ಕೂತಾಗೆಲ್ಲ ಆಫೀಸಿನ ಕೆಲಸವೋ, ಸೋಮಾರಿತನವೋ ಅಡ್ಡ ಬರ್ತಿತ್ತು. ಆದರೆ ಈ ವಿಷಯ ಮಾತ್ರ 2024ರ ಆಗಸ್ಟಿನಿಂದ ತಲೆಯೊಳಗೆ ಕೂತುಬಿಟ್ಟಿದೆ. ಬರೆದು ಮುಗಿಸದಿದ್ದರೆ ಸಮಾಧಾನ ಇಲ್ಲ.

ಸ್ವಾತಂತ್ರ್ಯ ದಿನಾಚರಣೆ, ಮರುದಿನ ವರಮಹಾಲಕ್ಷ್ಮಿ ಹಬ್ಬ, ಆಮೇಲೆ ಶನಿವಾರ, ಭಾನುವಾರ. ನಾಲ್ಕು ದಿನ ರಜೆ ಸಿಕ್ಕಿತ್ತು ಅಂತ ಊರಿಗೆ ಹೋಗಿದ್ದೆ. ಆ ವರ್ಷ ಮಾರ್ಚಿನಿಂದ ಸಿಂಧನೂರಿಗೂ ರೈಲು ಬಂದಿದೆ ನೋಡಿ. ನಾವು ಚಿಕ್ಕವರಿದ್ದಾಗ ಸಿಂಧನೂರಿಗೆ ರೈಲು ಬರ್ತದಂತೆ ಅನ್ನೋದು ಒಂದು ಜೋಕು. ಸ್ಟೇಷನ್ನಿನಲ್ಲಿ ಇಳಿದಾಗ ಸುಮ್ಮಸುಮ್ಮನೆ ನಗು ಬಂತು.

ನಮ್ಮ ಊರು ಗೊತ್ತಿಲ್ಲದವರಿಗೆ ಒಂದು ಮಾತು. ರಾಯಚೂರು ಜಿಲ್ಲೆಯಲ್ಲಿ ಲಿಂಗಸುಗೂರು, ಮಸ್ಕಿ, ಸಿಂಧನೂರು ಒಂದೇ ರಸ್ತೆಯ ಮೇಲೆ ಸಾಲಾಗಿ ಬರ್ತವೆ. ನಮ್ಮದು ಮಸ್ಕಿ ಮತ್ತು ಸಿಂಧನೂರಿನ ನಡುವಿನ ಒಂದು ಹಳ್ಳಿ. ಸಂತೆಗೆ ಮಸ್ಕಿ, ಸಿನಿಮಾಕ್ಕೆ ಸಿಂಧನೂರು, ಕಾಗದಪತ್ರಕ್ಕೆ ಲಿಂಗಸುಗೂರು. ಮಸ್ಕಿ ತಾಲೂಕು ಆಗಿದ್ದು 2018ರಲ್ಲಿ, ಅಲ್ಲೀತನಕ ಒಂದು ಉತಾರ ಬೇಕಂದ್ರೂ ಲಿಂಗಸುಗೂರಿನ ಬಸ್ಸು ಹತ್ತಬೇಕಿತ್ತು. ನನ್ನ ಬಾಲ್ಯದ ಜಗತ್ತು ಅಷ್ಟೇ. ಆ ಕಡೆಯಿಂದ ಈ ಕಡೆಗೆ ಸುಮಾರು ಅರವತ್ತು ಕಿಲೋಮೀಟರು.

ಅಕ್ಕನನ್ನು ಅದೇ ಹಳ್ಳಿಗೆ, ಎರಡು ಓಣಿ ಆಚೆ ಕೊಟ್ಟಿದ್ದು. ಅವಳ ಮಗಳು ಆಗ ಏಳನೇ ಕ್ಲಾಸು. ನಾನು ಹೋದ ದಿನ ಸಂಜೆ ಅವಳು ಪುಸ್ತಕ ಹಿಡ್ಕೊಂಡು ಬಂದಳು.

"ಮಾಮ, ಟೀಚರು ದಿನಾ ಒಂದು ಪುಟ ಬರಕೊಂಡ್ ಬರ್ರಿ ಅಂದಾರ. ಮನಿ, ಸಾಲಿ, ಸೂಟಿ, ಪೇಪರಿನ್ಯಾಗ ಬಂದ ಸುದ್ದಿ, ಏನರ ಬರೀಬಹುದಂತ. ನನಗ ಏನೂ ತಿಳಿಯವಲ್ದು."

ನಾನು ದೊಡ್ಡ ಬ್ಲಾಗರ್ ಅಲ್ವಾ, ಏನೋ ಉಪದೇಶ ಮಾಡೋಕೆ ಬಾಯಿ ತೆಗೆದೆ :) ಅಷ್ಟರಲ್ಲಿ ಅಕ್ಕ ಒಳಗೆ ಹೋಗಿ ಟ್ರಂಕು ತೆಗೆದ ಸಪ್ಪಳ ಕೇಳಿಸ್ತು. ಹೊರಗೆ ಬಂದವಳ ಕೈಯಲ್ಲಿ ಒಂದು ಹಳೇ ನೋಟುಬುಕ್ಕು. ರಟ್ಟಿನ ಮೂಲೆಗಳು ಸವೆದು ದುಂಡಗಾಗಿದ್ದವು. ಮೇಲೆ ನನ್ನ ಹೆಸರು, ಏಳನೇ ತರಗತಿ, 2000-2001.

ನನಗೆ ಅದು ಇತ್ತು ಅನ್ನೋದೇ ಮರೆತುಹೋಗಿತ್ತು! ನಮ್ಮ ಕನ್ನಡ ಮೇಷ್ಟ್ರೂ ಹಾಗೇ ದಿನಕ್ಕೊಂದು ಪುಟ ಬರೆಸ್ತಿದ್ದರು. ಇಪ್ಪತ್ಮೂರು ವರ್ಷ ಅಕ್ಕ ಅದನ್ನ ಸೀರೆಗಳ ಕೆಳಗೆ ಇಟ್ಕೊಂಡಿದ್ದಳು. ಯಾಕೆ ಅಂತ ಕೇಳಿದೆ. "ಒಗಿಯಾಕ ಮನಸ್ ಬರಲಿಲ್ಲೋ" ಅಂದು ಒಲೆ ಕಡೆ ಹೋದಳು.

ಆ ರಾತ್ರಿ ನಾನೂ ಹುಡುಗೀನೂ ಕೂತು ಪೂರ್ತಿ ಓದಿದ್ವಿ. ಕೆಲವು ನಿಮಗೂ ಹೇಳ್ತೀನಿ.

ಮೊದಲನೇ ದೊಡ್ಡ ಸುದ್ದಿ ರಾಜ್‌ಕುಮಾರ್ ಅಪಹರಣ. 2000ರ ಜುಲೈ 30ರ ರಾತ್ರಿ ಗಾಜನೂರಿನಿಂದ ವೀರಪ್ಪನ್ ಅಣ್ಣಾವ್ರನ್ನ ಕರಕೊಂಡು ಹೋದ ಅಂತ ಮರುದಿನ ರೇಡಿಯೋದಲ್ಲಿ ಬಂತು. ನನ್ನ ಪುಟದಲ್ಲಿ ಹೀಗಿದೆ: "ಬಸ್ಸು ಇಲ್ಲ. ಸಿಂಧನೂರಿನಿಂದ ಬರೋ ಸರ್‌ಗಳು ಬರಲಿಲ್ಲ. ಸಾಲಿ ಬಿಟ್ಟರು. ಬಹಳ ಸಂತೋಷವಾಯಿತು." ಅದರ ಕೆಳಗೇ ಇನ್ನೊಂದು ಸಾಲು: "ಅವ್ವ ಅಳುತ್ತಿದ್ದಳು. ನಾನು ಸಂತೋಷ ಪಡಬಾರದಿತ್ತು."

ಮುಂದಿನ ಪುಟಗಳಲ್ಲಿ ವೀರಪ್ಪನ್ ಆಟ. ಎಲ್ಲರಿಗೂ ವೀರಪ್ಪನ್ ಆಗಬೇಕು. ರಾಜ್‌ಕುಮಾರ್ ಆಗೋಕೆ ಯಾರೂ ತಯಾರಿಲ್ಲ, ಯಾಕಂದ್ರೆ ಅವರು ಬೇವಿನ ಗಿಡದ ಕೆಳಗೆ ಸುಮ್ಮನೆ ಕೂತಿರಬೇಕು! ಕೊನೆಗೆ ಅತಿ ಸಣ್ಣವನನ್ನ ಕೂಡಿಸಿ, ಅವನು ನಿದ್ದೆ ಹೋಗಿ, ನಾವು ಮನೆಗೆ ಬಂದುಬಿಟ್ಟಿದ್ವಂತೆ. ನವೆಂಬರ್ 15ಕ್ಕೆ, 108 ದಿನ ಆದ ಮೇಲೆ ಅಣ್ಣಾವ್ರು ಬಿಡುಗಡೆ ಆದರು. ಅವತ್ತು ಅಪ್ಪ ಎಲ್ಲರಿಗೂ ಮಂಡಕ್ಕಿ ಮಿರ್ಚಿ ತಂದಿದ್ದ ಅಂತ ಬರೆದಿದ್ದೇನೆ.

ದಸರಾ ಸೂಟಿಗೆ ಲಿಂಗಸುಗೂರಿನ ಅಜ್ಜಿ ಮನೆ. ಬ್ರಿಟಿಷರ ಕಾಲದಲ್ಲಿ ಅಲ್ಲಿ ದಂಡು ಇತ್ತು, ಅದಕ್ಕೇ ಛಾವಣಿ ಅನ್ನೋ ಹೆಸರು. 1905ರ ತನಕ ಲಿಂಗಸುಗೂರು ಜಿಲ್ಲಾಕೇಂದ್ರವೇ ಆಗಿತ್ತು ಅಂತ ಅಜ್ಜ ಹೆಮ್ಮೆಯಿಂದ ಹೇಳ್ತಿದ್ದ, ತಾನೇ ಕಲೆಕ್ಟರ್ ಆಗಿದ್ದವನ ಹಾಗೆ. ಸೋದರಮಾವ ಹಟ್ಟಿ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದ. ಬನ್ನಿ ಕೊಟ್ಟು ಬಂಗಾರದಂಗ ಇರೋಣು ಅಂದಾಗ ಮಾವ ನಕ್ಕಿದ್ದು ನೋಟುಬುಕ್ಕಿನಲ್ಲಿದೆ: "ಮಾವ ಹೇಳಿದನು, ಒಂದು ಟನ್ ಕಲ್ಲು ಪುಡಿ ಮಾಡಿದರೆ ಬಂಗಾರ ಕೆಲವೇ ಗ್ರಾಂ ಸಿಗುತ್ತದೆ. ಅದೂ ನಮಗಲ್ಲ."

ಡಿಸೆಂಬರಿನಲ್ಲಿ ಮೇಷ್ಟ್ರು ನಮ್ಮನ್ನ ಮಸ್ಕಿ ಗುಡ್ಡಕ್ಕೆ ನಡೆಸಿಕೊಂಡು ಹೋಗಿದ್ದರು, ಅಶೋಕನ ಶಾಸನ ನೋಡೋಕೆ. 1915ರಲ್ಲಿ ಬೀಡನ್ ಅನ್ನೋ ಗಣಿ ಎಂಜಿನಿಯರ್ ಚಿನ್ನ ಹುಡುಕ್ತಾ ಬಂದವನು ಆ ಬಂಡೆ ಕಂಡನಂತೆ. ಬೇರೆ ಶಾಸನಗಳಲ್ಲೆಲ್ಲ ದೇವಾನಾಂಪ್ರಿಯ ಅಂತ ಬಿರುದು ಮಾತ್ರ ಇತ್ತು. ಮಸ್ಕಿಯ ಬಂಡೆ ಮೇಲೆ ಅದರ ಜೊತೆಗೆ ಅಶೋಕ ಅನ್ನೋ ಹೆಸರೂ ಸಿಕ್ಕಿತು. ಆ ರಾಜ ಇವನೇ ಅಂತ ಗಟ್ಟಿ ಆಗಿದ್ದು ನಮ್ಮೂರ ಪಕ್ಕದ ಕಲ್ಲಿನಿಂದ! ನಾನು ಬರೆದದ್ದು: "ಅಕ್ಷರ ಓದಲು ಬರಲಿಲ್ಲ. ಸಮಾಜ ಪುಸ್ತಕದಲ್ಲಿ ಮಸ್ಕಿಯ ಬಗ್ಗೆ ಒಂದೇ ಸಾಲು ಇದೆ. ಇದು ಅನ್ಯಾಯ."

ಆಮೇಲೆ 2001ರ ಜನವರಿ 26. ಬೆಳಿಗ್ಗೆ ಧ್ವಜ ಹಾರಿಸಿ ಪೆಪ್ಪರಮೆಂಟು ತಿಂದು ಮನೆಗೆ ಬಂದಿದ್ದೆವು. ಸಂಜೆ ಪಕ್ಕದ ಕ್ಯಾಂಪಿನಲ್ಲಿ ಟೀವಿ ಇದ್ದವರ ಮನೆ ಮುಂದೆ ಜನವೋ ಜನ, ಗುಜರಾತಿನಲ್ಲಿ ಭೂಕಂಪ. ಭುಜ್ ಅಂದ್ರೆ ಹೆಗಲು ಅಂದ್ಕೊಂಡಿದ್ದೆ ನಾನು. ಅಂಜಾರ್ ಅನ್ನೋ ಊರಲ್ಲಿ ಗಣರಾಜ್ಯೋತ್ಸವದ ಮೆರವಣಿಗೆ ಹೊರಟಿದ್ದ ಶಾಲೆ ಮಕ್ಕಳ ಮೇಲೆ ಎರಡೂ ಕಡೆಯ ಕಟ್ಟಡ ಬಿದ್ದು ನೂರಾರು ಮಕ್ಕಳು ಸತ್ತಿದ್ದರು. "ಅವರ ಕೈಯಲ್ಲಿಯೂ ಬಾವುಟ ಇತ್ತಂತೆ. ನಾನು ರಾತ್ರಿ ಅಕ್ಕನ ಪಕ್ಕ ಮಲಗಿದೆ." ಇದು ನನ್ನ ಆ ದಿನದ ಪುಟ.

ಇಲ್ಲಿ ಅಕ್ಕನ ಮಗಳು ನನ್ನ ತೋಳು ಅಲ್ಲಾಡಿಸಿದಳು. "ಮಾಮ, ಇದು ಯಾರ ಅಕ್ಷರ?"

ನಾನು "ಬೂಕಂಪ" ಅಂತ ಬರೆದಿದ್ದೆ. ಅದರ ಮೇಲೆ ಪೆನ್ಸಿಲ್ಲಿನಿಂದ ಯಾರೋ "ಭೂ" ಅಂತ ತಿದ್ದಿದ್ದರು. ಮೇಷ್ಟ್ರದ್ದು ಕೆಂಪು ಇಂಕು. ಇದು ಪೆನ್ಸಿಲ್ಲು. ಪುಟ ಹಿಂದೆ ತಿರುಗಿಸಿದರೆ ಎಲ್ಲ ಕಡೆಯೂ ಇತ್ತು. "ಸಂತೋಶ" ಅನ್ನೋದು "ಸಂತೋಷ" ಆಗಿತ್ತು. ತಪ್ಪು ಲೆಕ್ಕದ ಪಕ್ಕ ಸಣ್ಣಗೆ ಸರಿಯಾದ ಲೆಕ್ಕ. ಅಷ್ಟು ತೆಳ್ಳಗೆ, ಮೇಷ್ಟ್ರಿಗೆ ಕಾಣಬಾರದು ಅನ್ನೋ ಹಾಗೆ.

ಅಕ್ಕ ನನಗಿಂತ ಒಂದು ವರ್ಷ ಮುಂದೆ. ಏಳನೇ ಪಬ್ಲಿಕ್ ಪರೀಕ್ಷೆಯಲ್ಲಿ ಅವಳು ಶಾಲೆಗೇ ಮೊದಲು. ಆದರೆ ನಮ್ಮೂರ ಶಾಲೆ ಏಳಕ್ಕೇ ಮುಗೀತಿತ್ತು. ಹೈಸ್ಕೂಲು ಆರು ಕಿಲೋಮೀಟರು, ಶಾಲೆ ಹೊತ್ತಿಗೆ ಸರಿಯಾದ ಬಸ್ಸಿಲ್ಲ. "ಹೆಣ್ಣುಡುಗಿ ಅಷ್ಟು ದೂರ ಬ್ಯಾಡ" ಅಂದ ಅಪ್ಪ. ಅವ್ವ ಸುಮ್ಮನಿದ್ದಳು. ನಾನೂ ಸುಮ್ಮನಿದ್ದೆ, ನನ್ನನ್ನ ಯಾರು ಕೇಳ್ತಾರೆ? ಜೂನ್ 2000ರಲ್ಲಿ ನಾನು ಏಳನೇ ಕ್ಲಾಸಿಗೆ ಹೋದೆ, ಅಕ್ಕ ನೆಲ್ಲಿನ ಸಸಿ ಹಚ್ಚೋಕೆ ಹೆಣ್ಣಾಳುಗಳ ಜೊತೆ ಹೋದಳು. ಮುಂದಿನ ವರ್ಷ ನಾನು ಅದೇ ಆರು ಕಿಲೋಮೀಟರಿಗೆ ಹೋಗಲು ಅಪ್ಪ ಹಳೇ ಸೈಕಲ್ ಕೊಡಿಸಿದ.

ಆ ನೋಟುಬುಕ್ಕಿನಲ್ಲಿ ಅಕ್ಕ ಎಷ್ಟು ಸಲ ಬರ್ತಾಳೆ ಅಂತ ಹುಡುಕಿದೆ. ಒಂದು ಕಡೆ: "ಅಕ್ಕ ಕಾಲಿಗೆ ಎಣ್ಣೆ ಹಚ್ಚಿಕೊಂಡಳು. ನೀರಲ್ಲಿ ನಿಂತು ಬೆರಳ ಸಂದಿ ಹುಣ್ಣಾಗಿವೆ." ಇನ್ನೊಂದು ಕಡೆ, ಮಾರ್ಚ್ ತಿಂಗಳಲ್ಲಿ: "ನನಗೆ ಪರೀಕ್ಷೆ ಇದೆ. ಅಕ್ಕನಿಗೆ ಮಜಾ. ಅವಳಿಗೆ ಪರೀಕ್ಷೆಯೇ ಇಲ್ಲ."

ಆ ಸಾಲಿನಲ್ಲಿ "ಪರೀಕ್ಶೆ" ಅಂತ ಬರೆದಿದ್ದೆ. ಅದನ್ನೂ ಪೆನ್ಸಿಲ್ಲಿನಿಂದ ತಿದ್ದಿದ್ದಳು. ಬೇರೆ ಏನೂ ಬರೆದಿರಲಿಲ್ಲ.

ಕೊನೇ ಪುಟ, ರಟ್ಟಿನ ಒಳಮೈ. ಅಲ್ಲಿ ಅದೇ ಪೆನ್ಸಿಲ್ಲಿನಲ್ಲಿ ಅಕ್ಕನ ಹೆಸರು. ಅದರ ಕೆಳಗೆ "8ನೇ ತರಗತಿ, ಅ ವಿಭಾಗ". ದುಂಡಗೆ, ಲೇಬಲ್ಲಿನ ಮೇಲೆ ಬರೆಯೋ ಹಾಗೆ. ಸುತ್ತ ಒಂದು ಚೌಕ ಕೂಡ ಹಾಕಿದ್ದಳು.

ಹುಡುಗಿ ಏನೂ ಮಾತಾಡಲಿಲ್ಲ. ನನಗೂ ಆಗಲಿಲ್ಲ.

ಇನ್ನು ಆ ವಾರದ ಸುದ್ದಿಗೆ ಬರ್ತೀನಿ, ಯಾಕಂದ್ರೆ ಎರಡಕ್ಕೂ ಸಂಬಂಧ ಇದೆ. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದರ ಚೈನು ಕಡಿದು ಗೇಟು ಕೊಚ್ಚಿ ಹೋಗಿತ್ತು. 1953ರಲ್ಲಿ ಕಟ್ಟಿ ಮುಗಿಸಿದ ಡ್ಯಾಮು. ತುಂಬಿ ನಿಂತಿದ್ದ ನೀರನ್ನ, ಒತ್ತಡ ಕಡಿಮೆ ಮಾಡೋಕೆ ಉಳಿದ ಗೇಟುಗಳಿಂದಲೂ ನದಿಗೆ ಬಿಟ್ಟರು. ಬೇರೆ ಊರಿನವರಿಗೆ ಅದು ಟೀವಿಯ ದೃಶ್ಯ. ನಮಗೆ ಹಾಗಲ್ಲ. ಎಡದಂಡೆ ಕಾಲುವೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ಉದ್ದ ಹರಿದು ನಮ್ಮ ಸೀಮೆಗೆ ನೀರು ಕೊಡೋದು. ಜೋಳ ಬೆಳೀತಿದ್ದ ನೆಲ ನೆಲ್ಲಿನ ನೆಲ ಆಗಿದ್ದು, ಸಿಂಧನೂರಿನ ಅಕ್ಕಿಗೆ ಹೆಸರು ಬಂದಿದ್ದು ಎಲ್ಲ ಅದರಿಂದ. ಆಗ ಸಸಿ ಹಚ್ಚಿ ಇನ್ನೂ ಬೇರು ಹಿಡೀತಿದ್ದ ಕಾಲ. ಊರಲ್ಲಿ ಯಾವ ಕಟ್ಟೆ ಮೇಲೆ ಕೂತರೂ ಟಿಎಂಸಿ ಲೆಕ್ಕವೇ. ಹತ್ತು ವರ್ಷದ ಹುಡುಗರೂ ಎಷ್ಟು ಟಿಎಂಸಿ ಹೋಯ್ತು ಅಂತ ಮಾತಾಡ್ತಿದ್ದರು.

ಭಾವ ಆ ವರ್ಷ ಸ್ವಂತದ ಎರಡು ಎಕರೆ ಜೊತೆ ಮೂರು ಎಕರೆ ಲೀಜಿಗೆ ಹಿಡಿದಿದ್ದ, ಸಾಲ ಮಾಡಿ. ಊಟಕ್ಕೆ ಕೂತಾಗ ಮಾತು ಮಗಳ ಕಡೆ ತಿರುಗಿತು. ಮುಂದಿನ ವರ್ಷ ಎಂಟನೇ ಕ್ಲಾಸಿಗೆ ಸಿಂಧನೂರಿನಲ್ಲಿ ಇಟ್ಟು ಓದಿಸಬೇಕು ಅಂತ ಅಕ್ಕನ ಆಸೆ.

"ಬೆಳಿ ಕೈಗೆ ಬರದಿದ್ರ ಸಿಂಧನೂರೂ ಇಲ್ಲ, ಏನೂ ಇಲ್ಲ. ಒಂದು ವರ್ಷ ಮನ್ಯಾಗ ಇರ್ಲಿ, ಮುಂದ ನೋಡೋಣು" ಅಂದ ಭಾವ. ಕೆಟ್ಟ ಮನುಷ್ಯ ಅಲ್ಲ ಅವನು. ಸಾಲದ ಭಯ ಇದ್ದವನ ಮಾತು ಅದು.

ಅಕ್ಕ ರೊಟ್ಟಿ ಬಡಿಯೋದು ನಿಲ್ಲಿಸಿದಳು. ಅವಳು ಗಂಡನ ಎದುರು ಎತ್ತರದ ದನಿಯಲ್ಲಿ ಮಾತಾಡಿದ್ದು ನಾನು ನೋಡಿಲ್ಲ, ಅವತ್ತೂ ದನಿ ಎತ್ತರಿಸಲಿಲ್ಲ.

"ಡ್ಯಾಮಿನ ಗೇಟು ಹೋದ್ರ ಹೊಸಾದು ಕುಂದರಸ್ತಾರ್ರೀ. ಸಾಲಿ ಗೇಟು ಒಮ್ಮೆ ದಾಟಿ ಹೊರಗ ಬಂದ್ರ ಮತ್ತ ಒಳಗ ಯಾರೂ ಕರಿಯಂಗಿಲ್ಲ. ಒಂದು ವರ್ಷ ಅಂತ ನನಗೂ ಅಂದಿದ್ರು."

ಒಂದು ವರ್ಷ ಅಂತ ಅಂದಿದ್ದರು ಅನ್ನೋದು ನನಗೆ ಗೊತ್ತೇ ಇರಲಿಲ್ಲ. ಅಪ್ಪ ಹಾಗೆ ಹೇಳಿ ಒಪ್ಪಿಸಿದ್ದನಂತೆ. ಅದಕ್ಕೇ ಆ ಒಂದು ವರ್ಷ ಪೂರ್ತಿ ಅವಳು ರಾತ್ರಿ ನನ್ನ ಪುಸ್ತಕಗಳನ್ನ ಓದಿದ್ದು, ತಿದ್ದಿದ್ದು. ಮುಂದಿನ ಜೂನಿಗೆ ನಾನೂ ಅವಳೂ ಒಟ್ಟಿಗೆ ಎಂಟಕ್ಕೆ ಹೋಗ್ತೀವಿ ಅಂದ್ಕೊಂಡಿದ್ದಳು. ಆ ರಟ್ಟಿನ ಮೇಲಿನ ಚೌಕ ಅದೇ.

ಭಾವ ತಲೆ ತಗ್ಗಿಸಿ ಊಟ ಮಾಡಿದ. ಕೈ ತೊಳೆದು ಬಂದು, "ಆತು ಬಿಡು, ಸಾಲಿ ಬಿಡಸಂಗಿಲ್ಲ" ಅಂದ. ಖರ್ಚಿನ ಮಾತು ನಾನು ಎತ್ತಿದೆ. ಅಕ್ಕ ನನ್ನ ಕಡೆ ನೋಡಿ, "ನೀ ಕೊಟ್ರ ತಗೋತೀನಿ, ಬ್ಯಾಡ ಅನ್ನಂಗಿಲ್ಲ" ಅಂದಳು. ಋಣ ತೀರಿಸೋಕೆ ಅವಕಾಶ ಕೊಟ್ಟಳು ಅಂತ ನನಗನ್ನಿಸಿತು. ತೀರೋದಲ್ಲ ಅದು, ಇರಲಿ.

ನಾನು ಊರಲ್ಲಿದ್ದಾಗಲೇ, 17ರ ಹೊತ್ತಿಗೆ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯೋ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸಿದರು. ನಮ್ಮ ಓಣಿಯಲ್ಲಿ ಪಟಾಕಿ! ಆಮೇಲೆ ಮಳೆಯೂ ಬಂದು ಡ್ಯಾಮು ಮತ್ತೆ ತುಂಬಿತು, ಭಾವನ ನೆಲ್ಲು ಉಳೀತು. ಉಳಿಯದಿದ್ದರೂ ಮಾತು ಮಾತೇ ಆಗಿರ್ತಿತ್ತು ಅಂತ ನಂಬೋಕೆ ನನಗೆ ಇಷ್ಟ.

ಕೆಲವು ಸಲ ಲೆಕ್ಕ ಹಾಕ್ತೀನಿ. ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡೋಕೆ ಶುರು ಮಾಡಿದ್ದು 2006ರಲ್ಲಿ. ಅಕ್ಕನಿಗೆ ಆರು ವರ್ಷ ತಡ. ಹೆಂಗಸರಿಗೆ ಬಸ್ಸು ಫ್ರೀ ಆಗಿದ್ದು 2023ರ ಜೂನಿನಲ್ಲಿ. ಅಕ್ಕನಿಗೆ ಇಪ್ಪತ್ಮೂರು ವರ್ಷ ತಡ. ಅವಳ ಮಗಳಿಗೆ ಫ್ರೀ ಬಸ್ಸು ಮಾತ್ರ ಹೊತ್ತಿಗೆ ಸರಿಯಾಗಿ ಬಂತು.

ಹುಡುಗಿ ಆ ರಾತ್ರಿ ತನ್ನ ಪುಟ ಬರೆದಳು. ನನಗೆ ತೋರಿಸಲಿಲ್ಲ, ಅವರವ್ವನಿಗೆ ಕೊಟ್ಟಳು. ಅಕ್ಕ ದೀಪದ ಕಡೆ ಹಿಡಿದು ನಿಧಾನವಾಗಿ ಓದಿದಳು. ಓದಿ ಮುಗಿಸಿ, "ಪೆನ್ಸಿಲ್ ಕೊಡು" ಅಂದಳು.

2025ರ ಜೂನಿನಲ್ಲಿ ಅವಳು ಸಿಂಧನೂರಿನಲ್ಲಿ ಎಂಟನೇ ಕ್ಲಾಸಿಗೆ ಸೇರಿದಳು. ಮೊದಲ ದಿನ ಅಕ್ಕನೇ ಬಸ್ಸಿನಲ್ಲಿ ಕರಕೊಂಡು ಹೋಗಿ ಬಿಟ್ಟು ಬಂದಳು. ಅವತ್ತು ಫೋನಿನಲ್ಲಿ ಯಾವ ವಿಭಾಗ ಅಂತ ಕೇಳಿದೆ. "ಬ ವಿಭಾಗ. ಇರ್ಲಿ ಬಿಡು" ಅಂದು ಅಕ್ಕ ನಕ್ಕಳು.

ನಿಮ್ಮ ಮನೆ ಅಟ್ಟದಲ್ಲೋ ಟ್ರಂಕಿನಲ್ಲೋ ಹಳೇ ನೋಟುಬುಕ್ಕು ಇದ್ದರೆ ಒಮ್ಮೆ ತೆಗೆದು ನೋಡಿ. ನೀವು ಬರೆದದ್ದನ್ನಷ್ಟೇ ಓದಬೇಡಿ, ಪಕ್ಕದಲ್ಲಿ ಯಾರಾದರೂ ಪೆನ್ಸಿಲ್ಲಿನಿಂದ ಏನಾದರೂ ಬರೆದಿದ್ದಾರಾ ನೋಡಿ.